ಗಂಡಸರ ಕೋಟು

ಐವತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯಲ್ಲಿ ಹೆರಿಗೆ ನರ್ಸಾಗಿದ್ದೆ. ಸುತ್ತಲ ಹಳ್ಳಿಗಳಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದೆ. ಆಷಾಢದಲ್ಲಿ ವಯನಾಡಿನ ಕಡೆಯಿಂದ ಚಳಿಗಾಳಿಯೊಂದಿಗೆ ಜಡಿಮಳೆ ಬರುತ್ತಿತ್ತು. ಕೊಡೆ ಹಿಡಿದು ಹ್ಯಾಂಡಲ್ ಹಿಡಿಯುವುದು ಆಗದ ಮಾತು. ಎರಡು ಸಲ ಜ್ವರ ಬಂದು ಮಲಗಿದ ಮೇಲೆ, ಚಾಮರಾಜನಗರದಲ್ಲಿ ಮಿಲಿಟರಿಯ ಹಳೇ ಬಟ್ಟೆ ಮಾರುವ ಅಂಗಡಿಗೆ ಹೋದೆ.

ಅಂಗಡಿಯವನು ಉಣ್ಣೆಯ ಕೋಟು ತೋರಿಸಿದ. ಬೆಚ್ಚಗೇನೋ ಇತ್ತು, ಆದರೆ ನೆನೆದರೆ ಹೊರಲಾರದಷ್ಟು ಭಾರವಾಗುತ್ತದೆಂದು ಬೇಡವೆಂದೆ. ಒಳಗೆ ರಬ್ಬರ್ ಹಚ್ಚಿದ ಖಾಕಿ ಕೋಟೊಂದು ಗೋಡೆಯಲ್ಲಿ ತೂಗುತ್ತಿತ್ತು. ಅದನ್ನು ತೊಟ್ಟು, ಹ್ಯಾಂಡಲ್ ಹಿಡಿದವಳಂತೆ ಕೈ ಮುಂದೆ ಚಾಚಿ ನೋಡಿದೆ. ಬೆನ್ನು ಬಿಗಿಯಲಿಲ್ಲ, ತೋಳು ಮಣಿಕಟ್ಟಿನವರೆಗೂ ಇತ್ತು.

"ಅದು ಗಂಡಸ್ರುದು ಕಣವ್ವ. ಊರೋರು ನಗ್ತಾರೆ," ಎಂದ ಅಂಗಡಿಯವನು.

"ನಗ್ಲಿ ಬುಡಿ. ನೆನೆಯೋಳು ನಾನು," ಎಂದೆ. ಚೈನಿಗೆ ಸಿಕ್ಕದಂತೆ ಅದನ್ನು ಮೊಣಕಾಲಿನವರೆಗೆ ಕತ್ತರಿಸಿ ಹೊಲಿಸಿಕೊಂಡೆ.

ಆ ವಾರವೇ ಭೀಮನಬೀಡಿನಿಂದ ಹೆರಿಗೆಗೆ ಕರೆ ಬಂತು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಕೋಟು ತೊಟ್ಟು ಸುರಿವ ಮಳೆಯಲ್ಲಿ ಹೋದರೆ, ಮನೆಯ ಯಜಮಾನ ಬಾಗಿಲಿಗೆ ಅಡ್ಡ ನಿಂತ.

"ಗಂಡ್ಸಿನ ಯೇಸ ಆಕ್ಕೊಂಡು ನಮ್ಮನೆಗೆ ಬರ್ಬ್ಯಾಡ. ಓಗಿ ಸೀರೇಲಿ ಬಾ."

"ಸೀರೆ ಕೋಟಿನ್ ಒಳಗದೆ, ಒಣಗೇ ಅದೆ. ಅದಕ್ಕೇ ನಿಮ್ ಸೊಸೆ ಅತ್ರ ಈಗ್ಲೇ ಕೂರ್ಬೋದು. ದಾರಿ ಬುಡಿ," ಎಂದು ಅವನನ್ನು ಸರಿಸಿಕೊಂಡೇ ಒಳಗೆ ಹೋದೆ.

ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು; ತಾಯಿಯೂ ಕ್ಷೇಮವಾಗಿದ್ದಳು. ಯಜಮಾನ ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನು ಕೋಟು ತೊಟ್ಟು, ಕೊರಳಿನವರೆಗೂ ಗುಂಡಿ ಹಾಕಿ, ಹಿಂದಿನ ಓಣಿ ಬಿಟ್ಟು ನಡುಬೀದಿಯಲ್ಲೇ ಬೆಲ್ ಹೊಡೆಯುತ್ತ ಹೊರಟೆ. ಜಗಲಿಗಳ ಮೇಲಿದ್ದವರು ನಕ್ಕರು. ಅದು ಹರಿದು ಚೂರಾಗುವವರೆಗೂ ನಾನು ಬೇರೆ ಕೋಟು ಕೊಳ್ಳಲಿಲ್ಲ.