ಮೂರು ಮನೆಯ ಮಗು

ಕೊರೋನಾ ಮುಗಿದ ಮರುವರ್ಷದ ಮಾತು. ಆಗ ನಾನು ದೋಹಾದ ಒಂದು ಭಾರತೀಯ ಶಾಲೆಯಲ್ಲಿ ಕೌನ್ಸೆಲರ್. ಮನೆ ಊರ ಹೊರಗಿನ ಅಲ್ ವುಕೈರ್‌ನಲ್ಲಿ. ಅದಕ್ಕೂ ಮೊದಲು ಉಡುಪಿ ಕಡೆ ಹನ್ನೊಂದು ವರ್ಷ ಮಕ್ಕಳ ರಕ್ಷಣೆಯ ಕೆಲಸ ಮಾಡಿದವಳು. ರಿಪೋರ್ಟ್ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ.

ನಮ್ಮ ಶಾಲೆಯಲ್ಲಿ ಕ್ಲೀನಿಂಗ್ ಕೆಲಸಕ್ಕಿದ್ದ ಸುಮತಿ ಕೊರಗ ಎಂಬ ಬುಡಕಟ್ಟು ಸಮುದಾಯದವಳು, ನಮ್ಮೂರ ಕಡೆಯವಳೇ. ಎಂಟು ವರ್ಷದ ಮಗಳು ಪವಿತ್ರಾಳನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದಳು. ಒಂದು ಬೆಳಿಗ್ಗೆ ಮಾಪ್ ಹಿಡಿದುಕೊಂಡೇ ನನ್ನ ರೂಮಿಗೆ ಬಂದಳು.

“ಟೀಚರ್, ಮಗಳನ್ನು ಹೋಮಿಗೆ ಕರ್ಕೊಂಡು ಹೋಗಿದ್ದಾರಂತೆ.”

ಜ್ವರ ಬಂದು ಮಗು ಎರಡು ವಾರ ಶಾಲೆಗೆ ಹೋಗಿರಲಿಲ್ಲ. ಅಷ್ಟಕ್ಕೇ ಮಕ್ಕಳ ರಕ್ಷಣಾ ಕಚೇರಿಯ ಜೀಪು ಕಾಲನಿಗೆ ಬಂದು ಅವಳನ್ನು ಸರಕಾರಿ ಬಾಲಮಂದಿರಕ್ಕೆ ಒಯ್ದಿತ್ತು.

ಆ ಕಚೇರಿಯಲ್ಲಿ ನನ್ನ ಕಾಲೇಜು ಗೆಳತಿ ಲವೀನಾ ಇದ್ದಳು. ಫೋನ್ ಮಾಡಿದೆ. “ತಾಯಿಯ ಹತ್ತಿರ ಕೇಳಿ ನೀನೇ ಒಂದು ಸೋಶಿಯಲ್ ರಿಪೋರ್ಟ್ ಕಳಿಸು ಮಾರಾಯ್ತಿ. ಮಗುವನ್ನು ಮನೆಗೆ ಮುಟ್ಟಿಸುವುದು ನನ್ನ ಜವಾಬ್ದಾರಿ” ಎಂದಳು. ಮಗುವಿನ ಮನೆ, ಊಟ, ಆರೈಕೆ ಹೇಗಿದೆ ಎಂದು ತಿಳಿಸುವ ವರದಿಯದು.

ಸುಮತಿ ಮನಸ್ಸು ಬಿಚ್ಚಿ ಹೇಳಿದಳು. ಅಜ್ಜಿ ಬುಟ್ಟಿ ಮಾರಲು ಹೋದ ದಿನ ಊಟ ಮಾವನ ಮನೆಯಲ್ಲಿ, ನಿದ್ದೆ ದೊಡ್ಡಮ್ಮನ ಮನೆಯಲ್ಲಿ. ಅವರ ಕಾಲನಿಯಲ್ಲಿ ಮಕ್ಕಳು ಬೆಳೆಯುವುದೇ ಹಾಗೆ. “ಮಗು ಮೂರು ಮನೆಗಳಲ್ಲಿ ಬೆಳೆಯುತ್ತಿದೆ” ಎಂದು ಹೆಮ್ಮೆಯಿಂದ ಬರೆದೆ. ಇದಕ್ಕಿಂತ ಒಳ್ಳೆಯ ಆರೈಕೆ ಉಂಟೇ ಎಂದುಕೊಂಡೆ. ಕೆಳಗೆ ನಾನು ಸಹಿ ಹಾಕಿದೆ, ಸುಮತಿಯೂ ಓದದೆ ಹಾಕಿದಳು. “ನೀವು ಬರೆದದ್ದಲ್ವಾ, ಓದುವುದೆಂತಕ್ಕೆ?”

ಮೂರು ವಾರಕ್ಕೆ ಆದೇಶ ಬಂತು: ಮಗುವಿಗೆ ಸ್ಥಿರವಾದ ಮನೆಯಿಲ್ಲ, ಹೊಣೆ ಹೊರುವ ಪಾಲಕರಿಲ್ಲ, ಹೋಮ್‌ನಲ್ಲೇ ಇರಲಿ. ಆಧಾರ, ದೋಹಾದಿಂದ ಬಂದ ವರದಿ. ಕೂಡಲೇ ಲವೀನಾಳಿಗೆ ಫೋನ್ ಮಾಡಿದೆ.

“ನೀನೇ ಬರೆದದ್ದಲ್ವಾ?” ಎಂದಳು ಲವೀನಾ. “ಆ ಕಾಲನಿಯ ಮಕ್ಕಳು ಹೋಮಲ್ಲಿದ್ದರೇ ಉದ್ಧಾರ ಆಗುವುದು, ಬಿಡು.”

ಇಪ್ಪತ್ತು ವರ್ಷದ ಗೆಳತಿ ನಂಬಿಸಿ ಕತ್ತು ಕೊಯ್ದಿದ್ದಳು. ನನ್ನ ಮಗನೂ ಎರಡು ವರ್ಷ ಊರಲ್ಲಿ ಅಕ್ಕನ ಮನೆ, ಅತ್ತೆಯ ಮನೆ ಎಂದು ಓಡಾಡಿಕೊಂಡೇ ಓದಿದವನು. ಅವನನ್ನು ಹುಡುಕಿಕೊಂಡು ಯಾವ ಜೀಪೂ ಬಂದಿರಲಿಲ್ಲ!

ಸುಮತಿ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೊರಟಳು. ಮೇಲ್ಮನವಿ ಹಾಕೋಣ, ಇನ್ನೊಂದು ರಿಪೋರ್ಟ್ ಬರೆಯುತ್ತೇನೆ ಎಂದೆ.

“ಆ ಹೋಮಲ್ಲಿ ಇರುವುದು ಹೆಚ್ಚಾಗಿ ನಮ್ಮ ಮಕ್ಕಳೇ ಟೀಚರ್. ನಿಮ್ಮವರದ್ದು ಒಂದಾದರೂ ಉಂಟಾ? ನಿಮ್ಮನ್ನು ನಂಬಿ ಹೇಳಿದ್ದೆ. ಇನ್ನು ಎಂತದೂ ಬರೀಬೇಡಿ.”

ತಾಯಿ ಊರಿಗೆ ಬಂದರೂ ಆದೇಶ ಬದಲಾಗಿಲ್ಲ, ಪವಿತ್ರಾ ಇನ್ನೂ ಅಲ್ಲೇ ಇದ್ದಾಳೆ. ತಾಯಿ ತಿಂಗಳಿಗೊಮ್ಮೆ ಹೋಗಿ ಎರಡು ಗಂಟೆ ನೋಡಿ ಬರುತ್ತಾಳೆ. ಲವೀನಾಳ ಮೇಲಿನ ಸಿಟ್ಟು ಆರಿಲ್ಲ. ಆದರೆ ಆ ವರದಿಯ ಕೆಳಗಿರುವುದು ನನ್ನ ಸಹಿ.

ಇದನ್ನು ಅಚ್ಚಿಗೆ ಕೊಡುವ ಮೊದಲು ಫೋನಿನಲ್ಲಿ ಸುಮತಿಗೆ ಪೂರ್ತಿ ಓದಿ ಹೇಳಿದೆ. ಹೆಸರು ಬದಲಿಸಿ ಎಂದಳು, ಬದಲಿಸಿದ್ದೇನೆ. ಆಮೇಲೆ ಅವಳು ಒಂದೇ ಮಾತು ಕೇಳಿದಳು. ಅಷ್ಟು ವರ್ಷದ ಸರ್ವಿಸಿನಲ್ಲಿ ರಿಪೋರ್ಟ್ ಬರೆಯುವಾಗ ನಾನು ಒಮ್ಮೆಯೂ ಕೇಳಿಕೊಳ್ಳದ ಮಾತು.

“ಇದನ್ನು ಓದುವವರು ಯಾರು ಟೀಚರ್?”