ಮೊದಲ ಗುಡುಗಿಗೆ ಕಿತ್ತ ಪ್ಲಗ್ಗು

ಗುಡುಗಿತೆಂದರೆ ಸಾಕು, ನರಿಕೊಂಬಿನ ಬೀಪಾತುಮ್ಮನ ಮನೆಯಲ್ಲಿ ಒಂದೇ ಒಂದು ಪ್ಲಗ್ಗು ಗೋಡೆಯಲ್ಲಿ ಉಳಿಯುವಂತಿಲ್ಲ. ಟಿವಿ, ಫ್ರಿಜ್ಜು, ಮಿಕ್ಸಿ, ಮೊಬೈಲ್ ಚಾರ್ಜರ್, ಎಲ್ಲ ಹೊರಗೆ. ನಗಬೇಡಿ ಮಾರಾಯ್ರೆ. ಆ ಮನೆಯ ಯಜಮಾನ ಇಬ್ರಾಹಿಂ ಒಂದು ಮಧ್ಯಾಹ್ನ, ಮಳೆ ಇನ್ನೂ ದೂರ ಉಂಟು ಎಂದು ಟಿವಿಯ ವಯರು ಎಳೆಯಲು ತಡ ಮಾಡಿದ್ದಕ್ಕೆ ಸಿಡಿಲು ಅವರನ್ನು ಜಗಲಿಯಿಂದ ಅಂಗಳಕ್ಕೆ ಎಸೆದಿತ್ತು. ಜೀವ ಉಳಿಯಿತು, ಒಂದು ಕಿವಿ ಹೋಯಿತು. ಅಂದಿನಿಂದ ಆಕಾಶ ಕಪ್ಪಾದಾಗಲೆಲ್ಲ ಬೀಪಾತುಮ್ಮ ಮಕ್ಕಳಿಗೆ ಫೋನು ಮಾಡಿ ಕೇಳುವುದು ಒಂದೇ ಮಾತು: "ಪ್ಲಗ್ ತೆಗೆದಿಯಾ?" ಹಿರಿಮಗಳು ಜಸ್ನಾ ಶಾರ್ಜಾದಲ್ಲಿದ್ದಾಗಲೂ ಕೇಳುತ್ತಿದ್ದರು. ಅಲ್ಲಿ ಮಳೆಯೇ ಅಪರೂಪ ಎಂದು ಆ ತಾಯಿಗೆ ಹೇಳುವವರು ಯಾರು!

ಈ ಜಸ್ನಾ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿದವಳು. ಮದುವೆಯಾಗಿ, ಗಂಡ ನೌಫಲ್ ಜೊತೆ ವರ್ಷಗಟ್ಟಲೆ ಗಲ್ಫಿನಲ್ಲಿ ಮನೆ ನೋಡಿಕೊಂಡು, ಊರಿಗೆ ಮರಳಿದ ಮೇಲೆ ಮತ್ತೆ ಕೆಲಸಕ್ಕೆ ಹೊರಟಾಗ ಬೆನ್ನು ತಟ್ಟಿದವರಿಗಿಂತ ಹಂಗಿಸಿದವರೇ ಹೆಚ್ಚು. "ಸೌಟು ಹಿಡಿದ ಕೈ ಅದು. ಇನ್ನು ಎಂತ ಚಿಪ್ಪು ಗಿಪ್ಪು?" ಎಂದರು. ಕೊನೆಗೆ ತೋಡಾರಿನ ಒಂದು ಸಣ್ಣ ಕಂಪನಿಯ ಮಾಲಿಕ ಉಜ್ವಲ್ ಕರೆದು ಕೆಲಸ ಕೊಟ್ಟರು. ಏನು ಕೆಲಸ? ವಯರುಗಳಿಗೆ ಬೆಸುಗೆ ಹಾಕುವುದು. ಹಲ್ಲು ಕಚ್ಚಿ ಅದನ್ನೇ ಮಾಡಿದಳು. ದಿನಾ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ನಿಂತುಕೊಂಡೇ ಮೂಡಬಿದಿರೆಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದಳು.

ಈ ಏಪ್ರಿಲ್ ತಿಂಗಳಲ್ಲಿ ಅವಳ ಸರದಿ ಬಂತು. ಮಂಗಳೂರಿನ ಒಂದು ಕಂಪನಿಗೆ ಸಿಡಿಲು ಹತ್ತಿರ ಬರುವ ಮೊದಲೇ ಎಚ್ಚರಿಸುವ ಪೆಟ್ಟಿಗೆ ಬೇಕಿತ್ತು. ಕಟ್ಟಡದ ಮಾಡಿನ ಮೇಲಿನ ಆಂಟೆನಾ ದೂರದ ಮಿಂಚಿನ ಅಲೆಯನ್ನು ಹಿಡಿಯಬೇಕು. ಕೆಳಗೆ ಪೆಟ್ಟಿಗೆಯೊಳಗಿನ ಚಿಪ್ಪು ಆ ಅಲೆಯ ಏರಿಳಿತವನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅಳೆದು ಅಂಕಿಗಳನ್ನಾಗಿ ಮಾಡಬೇಕು. ಅಂಥ ಚಿಪ್ಪನ್ನು ಯಾರೂ ಕಣ್ಣು ಮುಚ್ಚಿ ಕೊಳ್ಳುವುದಿಲ್ಲ. ತಯಾರಕರು ಅದನ್ನು ಪರೀಕ್ಷೆಯ ಬೋರ್ಡೊಂದರ ಮೇಲೆ ಕೂರಿಸಿ ಕಳುಹಿಸುತ್ತಾರೆ. ಬಂದದ್ದು ಒಂದೇ ಬೋರ್ಡು.

"ಇದನ್ನು ನೀವೇ ಜೋಡಿಸಿ ನೋಡಿ ಜಸ್ನಾ. ಗುರುವಾರ ಸಂಜೆ ಮಂಗಳೂರಿನಿಂದ ಅವರ ಇಂಜಿನಿಯರ್ ಶೋಧನ್ ಬರ್ತಾರೆ. ಸರಿಯಾದರೆ ಪೆಟ್ಟಿಗೆಯ ಕೆಲಸ ನಮಗೆ, ಜವಾಬ್ದಾರಿ ನಿಮಗೆ. ಇಲ್ಲದಿದ್ದರೆ..." ಉಜ್ವಲ್ ಅಲ್ಲಿಗೆ ನಿಲ್ಲಿಸಿದರು. ಇಲ್ಲದಿದ್ದರೆ ಮತ್ತೆ ಬೆಸುಗೆಯ ಮೇಜು ಎಂದು ಜಸ್ನಾಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗುರುವಾರ ಬೆಳಿಗ್ಗೆ, ಮೈಯ ಸ್ಥಿರ ವಿದ್ಯುತ್ತು ಚಿಪ್ಪಿಗೆ ತಾಗದಂತೆ ಕೈಗೆ ಲೋಹದ ಪಟ್ಟಿ ಕಟ್ಟಿಕೊಂಡು ಕುಳಿತಳು. ಈ ಕೆಲಸಕ್ಕೊಂದು ಕ್ರಮ ಉಂಟು. ಮೊದಲು ಬೋರ್ಡಿಗೆ ಕರೆಂಟು, ಆಮೇಲೆ ಸಿಗ್ನಲ್ ಜನರೇಟರ್ ಎಂಬ ಯಂತ್ರದಿಂದ ಪರೀಕ್ಷೆಯ ಸಿಗ್ನಲ್. ಆರಿಸುವಾಗ ಮೊದಲು ಸಿಗ್ನಲ್, ಆಮೇಲೆ ಕರೆಂಟು. ಕರೆಂಟಿಲ್ಲದೆ ಮಲಗಿರುವ ಚಿಪ್ಪಿನೊಳಗೆ ಸಿಗ್ನಲ್ ನುಗ್ಗಿತೋ, ಅದರ ಕಥೆ ಮುಗಿಯಿತು. ಜಸ್ನಾ ಇದನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಒಂದೊಂದು ಕೇಬಲ್ ಬಿಗಿದಳು.

ಕಂಪ್ಯೂಟರಿನ ಪರದೆಯಲ್ಲಿ ಬರಬೇಕಾದದ್ದು ಎತ್ತರದ ಒಂದೇ ಒಂದು ಗೆರೆ, ಬುಡದಲ್ಲಿ ಗಿಡ್ಡ ಹುಲ್ಲು. ಬಯಲಲ್ಲಿ ಒಂಟಿ ತೆಂಗಿನಮರ ನಿಂತ ಹಾಗೆ. ಬಂದದ್ದೋ, ಮರದ ಸುತ್ತ ಕಳೆಯಂತೆ ಬೇಡದ ಗೆರೆಗಳು. ಕೇಬಲ್ ಬದಲಿಸಿದಳು, ಹೋಗಲಿಲ್ಲ. ಸಿಗ್ನಲ್ ಜನರೇಟರಿನ ಕೊಳೆಯೇ ಇರಬೇಕೆಂದು ಅದರ ಮುಂದೆ ಕೊಳೆ ಸೋಸುವ ಒಂದು ಫಿಲ್ಟರ್ ಸಿಕ್ಕಿಸಿ, ಫಿಲ್ಟರ್ ನುಂಗುವಷ್ಟನ್ನೂ ಸೇರಿಸಿ ಸಿಗ್ನಲನ್ನು ಜೋರು ಮಾಡಿದಳು. ಕಳೆ ಮಾಯ! ಊಟ ಬಿಟ್ಟು ಕೂತದ್ದು ಸಾರ್ಥಕವಾಯಿತು. ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಉಳಿಸಿ, ಕುರ್ಚಿಗೆ ಒರಗಿ ದೊಡ್ಡ ಉಸಿರು ಬಿಟ್ಟಳು. ನಾನೂ ಇಂಜಿನಿಯರೇ ಎಂದು ಎಷ್ಟೋ ವರ್ಷಗಳ ನಂತರ ಅವಳಿಗೆ ಅನಿಸಿತು.

ಅಷ್ಟರಲ್ಲಿ ಗುಡುಗಿತು ನೋಡಿ. ಸಣ್ಣ ಗುಡುಗಲ್ಲ, ಕಿಟಕಿಯ ಗಾಜು ನಡುಗಿಸುವಂಥದ್ದು.

ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಸುಳ್ಳಲ್ಲ. ತಲೆ ಯೋಚಿಸುವ ಮೊದಲೇ ಕೈ ಓಡಿತ್ತು. ಬಗ್ಗಿ ಮೇಜಿನ ಕೆಳಗಿನ ಪ್ಲಗ್ಗನ್ನು ಎಳೆದಳು. ಕಂಪ್ಯೂಟರ್ ಆರಿತು, ಬೋರ್ಡಿನ ಹಸಿರು ದೀಪ ಆರಿತು. ಪಕ್ಕದ ಪ್ಲಗ್ಗು ಎಳೆದಳು, ಆಚೆ ಗೋಡೆಯದನ್ನೂ ಎಳೆದಳು. ತಿರುಗಿ ನೋಡಿದರೆ, ಸಿಗ್ನಲ್ ಜನರೇಟರ್ ಮಾತ್ರ ಯುಪಿಎಸ್‌ನ ಬಲದಲ್ಲಿ ಕಣ್ಣು ತೆರೆದು ಕೂತಿದೆ. ಕರೆಂಟು ಸತ್ತ ಚಿಪ್ಪಿನೊಳಕ್ಕೆ ಸಿಗ್ನಲ್ ಸುರಿಯುತ್ತಲೇ ಇದೆ.

"ಯಾ ಅಲ್ಲಾಹ್!" ಜಸ್ನಾ ಹಾರಿ ಅದನ್ನು ಆರಿಸಿದಳು.

ಗುಡುಗು ಗುಡ್ಡದಾಚೆ ಸರಿಯುವವರೆಗೆ ಕಾದು, ಎಲ್ಲವನ್ನೂ ಕ್ರಮದಂತೆ ಮತ್ತೆ ಹಚ್ಚಿದಳು. ಪರದೆಯ ತೆಂಗಿನಮರ ಗಿಡ್ಡವಾಗಿತ್ತು. ಕಳೆ ಆಳೆತ್ತರ ಬೆಳೆದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜಸ್ನಾ ಮುಖ ಮುಚ್ಚಿಕೊಂಡು ಅತ್ತಳು.

ಉಜ್ವಲ್ ಬಂದು ಪರದೆ ನೋಡಿ, ವಿಷಯ ಕೇಳಿ ತಿಳಿದರು. ಆಮೇಲೆ ಬಾಗಿಲಿನತ್ತ ನೋಡಿ ದನಿ ತಗ್ಗಿಸಿದರು. "ಮಧ್ಯಾಹ್ನದ ಚಿತ್ರ ಉಂಟಲ್ಲ, ಅದನ್ನೇ ತೋರಿಸುವ. ಅದೇನು ಸುಳ್ಳಲ್ಲವಲ್ಲ. ಬೋರ್ಡ್ ಈಗ ಕೆಟ್ಟದ್ದು ಅಂತ ಅವರಿಗೆ ಹೇಗೆ ಗೊತ್ತಾಗ್ತದೆ?"

ಬೇಡ ಎನ್ನಲು ಜಸ್ನಾಳಿಗೆ ಧೈರ್ಯ ಇರಲಿಲ್ಲ, ಹೂಂ ಎನ್ನಲು ಮನಸ್ಸು ಇರಲಿಲ್ಲ. ಹೊರಗೆ ಕಾರು ನಿಂತ ಸದ್ದಾಯಿತು.

ಶೋಧನ್ ಕೊಡೆ ಕೊಡವಿ ಒಳಬಂದವರು ಮಧ್ಯಾಹ್ನದ ಚಿತ್ರ ನೋಡಿ ತಲೆಯಾಡಿಸಿದರು. "ಭಾರಿ ಕ್ಲೀನ್ ಉಂಟು ಮೇಡಂ! ಈಗೊಮ್ಮೆ ನಡೆಸಿ ತೋರಿಸ್ತೀರಾ?"

"ಸರ್, ಈಗ ಅದು ಬರುವುದಿಲ್ಲ," ಎಂದಳು ಜಸ್ನಾ. "ಗುಡುಗಿತು, ನಾನು ಪ್ಲಗ್ ಎಳೆದೆ. ಸಿಗ್ನಲ್ ಹಾಗೇ ಇತ್ತು. ಚಿಪ್ಪು ಹಾಳಾಯ್ತು. ತಪ್ಪು ನನ್ನದೇ."

ಉಜ್ವಲ್ ಕಣ್ಣು ಮುಚ್ಚಿಕೊಂಡರು. ಶೋಧನ್ ಮುಖ ಕೆಂಪಾಯಿತು. "ಇದ್ದದ್ದೊಂದು ಬೋರ್ಡ್! ಇಂಜಿನಿಯರ್ ಆದವರು ಗುಡುಗಿಗೆ ಹೆದರಿ ಪ್ಲಗ್ ಎಳೆಯುವುದಾ? ಎಂತ ಮೇಡಂ ಇದು? ಮಳೆಗಾಲದ ಮೊದಲು ಬೆಳ್ತಂಗಡಿ ಕಡೆಯ ಶಾಲೆ, ಪಂಚಾಯತ್‌ಗಳಲ್ಲೆಲ್ಲ ಪೆಟ್ಟಿಗೆ ಕೂರಿಸಬೇಕು ನಾವು!"

ಅವಮಾನದಿಂದ ತಲೆ ತಗ್ಗಿಸಿ ನಿಂತಿದ್ದ ಜಸ್ನಾಳಿಗೆ ಒಮ್ಮೆಲೇ ಏನೋ ಹೊಳೆಯಿತು. ಮೆಲ್ಲನೆ ತಲೆ ಎತ್ತಿದಳು. "ಸರ್, ಒಂದು ಕೇಳ್ತೇನೆ, ಬೇಜಾರು ಮಾಡಬೇಡಿ. ಗುಡುಗಿದರೆ ನಿಮ್ಮ ಮನೆಯಲ್ಲಿ ಎಂತ ಮಾಡ್ತಾರೆ?"

"ಎಂತ ಮಾಡುವುದು? ಅಮ್ಮ ಪ್ಲಗ್ ತೆಗೀತಾರೆ."

"ಪಂಚಾಯತ್‌ನಲ್ಲಿ? ಶಾಲೆಯಲ್ಲಿ?"

"ಅಲ್ಲಿಯೂ ತೆಗೀತಾರೆ. ತೆಗೆಯದವರು ಯಾರಿದ್ದಾರೆ ನಮ್ಮಲ್ಲಿ?"

"ಮಾಡಿನ ಮೇಲಿನ ಆಂಟೆನಾವನ್ನು ಯಾರು ತೆಗೀತಾರೆ ಸರ್? ಕೆಳಗೆ ಕರೆಂಟಿಲ್ಲ, ಮೇಲಿಂದ ಮಿಂಚಿನ ಸಿಗ್ನಲ್ ಬರ್ತಾ ಉಂಟು. ಇವತ್ತು ಈ ಮೇಜಿನ ಮೇಲೆ ಆದದ್ದೇ ಅಲ್ಲವಾ?"

ಶೋಧನ್ ಕುರ್ಚಿ ಎಳೆದುಕೊಂಡು ಕುಳಿತರು. ಕೆಟ್ಟ ಬೋರ್ಡನ್ನೇ ದಿಟ್ಟಿಸಿದರು. "ಮೊದಲ ಗುಡುಗಿಗೇ ಅಷ್ಟೂ ಪೆಟ್ಟಿಗೆ ಸತ್ತು ಹೋಗ್ತಿತ್ತು ಮಾರಾಯ್ರೆ," ಎಂದರು. "ಇದು ನಮ್ಮ ಯಾರ ತಲೆಗೂ ಬರಲಿಲ್ಲ."

"ಒಳಗೊಂದು ಬ್ಯಾಟರಿ ಇಡುವ. ಕರೆಂಟು ಹೋದ ಕೂಡಲೇ ಆಂಟೆನಾದ ದಾರಿ ಮುಚ್ಚುವ ಸ್ವಿಚ್ ಹಾಕುವ," ಎಂದಳು ಜಸ್ನಾ.

ಶೋಧನ್ ಎದ್ದರು. "ಇನ್ನೊಂದು ಬೋರ್ಡ್ ತರಿಸ್ತೇನೆ. ಈ ಸಲ ಪ್ಲಗ್ ಎಳೆಯುವುದು ನಾನು, ಹೇಳದೆ ಕೇಳದೆ. ಅದು ಬದುಕಿದರೆ ಕೆಲಸ ನಿಮ್ಮದೇ ಮೇಡಂ."

ಕಾರು ಗೇಟು ದಾಟುವಷ್ಟರಲ್ಲಿ ಜಸ್ನಾಳ ಫೋನು ಬಡಿದುಕೊಂಡಿತು. ನರಿಕೊಂಬಿನಿಂದ ಬೀಪಾತುಮ್ಮ.

"ಪ್ಲಗ್ ತೆಗೆದಿಯಾ ಮಗಳೇ?"

"ತೆಗೆದೆ ಉಮ್ಮಾ." ಜಸ್ನಾಳಿಗೆ ಅಳು, ನಗು ಒಟ್ಟಿಗೇ ಬಂದವು. "ಆದರೂ ಒಂದು ಸಾಮಾನು ಹಾಳಾಯ್ತು."

"ಹಾಗಾದರೆ ನೀನು ತೆಗೆದದ್ದು ತಡವಾಗಿದೆ," ಎಂದು ಗದರಿಸಿ ಬೀಪಾತುಮ್ಮ ಫೋನು ಇಟ್ಟರು. ಅವರಿಗೆ ಇನ್ನೂ ಉಳಿದ ಮಕ್ಕಳಿಗೆ ಫೋನು ಮಾಡುವುದಿತ್ತು.