ಅಕ್ಕನ ಮರ, ತಂಗಿಯ ಹಿತ್ತಾಳೆ

ಬೆಳಗಿನ ಆರೂಕಾಲು. ಪೂರ್ವದ ಕಿಟಕಿಯಿಂದ ಬಿಸಿಲು ಓರೆಯಾಗಿ ಮೇಜಿನ ಮೇಲೆ ಬೀಳುವ ಹೊತ್ತಿಗೆ ಆಕೆ ಅರ ಕೈಗೆತ್ತಿಕೊಂಡಾಗಿದೆ. ಮೇಜಿಗೆ ಜಡಿದ ಇಕ್ಕಳದಂಥ ವೈಸ್‌ನ ಬಾಯಿಗೆ ಚರ್ಮದ ತುಂಡು ಕೊಟ್ಟು ಬಿಗಿದಿರುವುದು ಅಂಗೈಯಷ್ಟೂ ಇಲ್ಲದ ಹಿತ್ತಾಳೆಯ ಮುಚ್ಚಳ. ಅಂಚಿಗೆ ಬಳ್ಳಿ, ಬಳ್ಳಿಯ ತುದಿಗೆ ಸುರುಳಿ. ಇಲಿಬಾಲದಂಥ ಸಪೂರ ಅರವನ್ನು ಸುರುಳಿಯೊಳಗೆ ತೂರಿಸಿ ಮೂರು ಸಲ ಮುಂದಕ್ಕೆ ತಳ್ಳುತ್ತಾರೆ, ಪುಡಿ ಊದುತ್ತಾರೆ, ಹೆಬ್ಬೆರಳಿಂದ ಸವರಿ ನೋಡುತ್ತಾರೆ. ಮತ್ತೆ ಮೂರು ಸಲ. “ಈ ಬಿಸಿಲು ಇರೋದೇ ಮುಕ್ಕಾಲು ಗಂಟೆ. ಇದ್ರಲ್ಲಿ ತಪ್ಪು ಬಚ್ಚಿಟ್ಕೊಳ್ಳೋಕಾಗಲ್ಲ. ಮಧ್ಯಾಹ್ನ ನೋಡಿದ್ರೆ ಎಲ್ಲರ ಕೆಲಸನೂ ಚೆನ್ನಾಗೇ ಕಾಣುತ್ತೆ,” ಎಂದು ಎದುರು ಕೂತ ನನಗೆ ಹೇಳುತ್ತಾರೆ, ತಲೆಯೆತ್ತದೆ.

ಈ ಮುಚ್ಚಳ ಹೋಗಿ ಕೂರುವುದು ಕೈಯಲ್ಲೇ ಕಟ್ಟಿದ ಕೋವಿಯ ಮರದ ಹಿಡಿಯ ಮೇಲೆ. ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬಿ ಉದ್ದನೆಯ ಕಡ್ಡಿಯಿಂದ ಜಡಿಯುವ ಹಳೇ ಕಾಲದ ಕೋವಿ ಅದು. ಇಂದಿಗೂ ಅದರಲ್ಲಿ ಗುರಿ ಪಂದ್ಯ ಆಡುವ ಹವ್ಯಾಸಿಗಳಿದ್ದಾರೆ. ಅವರಿಗಾಗಿ ಊರಾಚೆಯ ಕಾರ್ಖಾನೆಯ ಯಜಮಾನರು ವರ್ಷಕ್ಕೆ ನಾಲ್ಕೋ ಐದೋ ಕಟ್ಟುತ್ತಾರೆ. ಗುಂಡಿಗೆ ಸುತ್ತುವ ಎಣ್ಣೆಬಟ್ಟೆಯ ಚೂರುಗಳನ್ನಿಡಲು ಹಿಡಿಯಲ್ಲೊಂದು ಪುಟ್ಟ ಗೂಡು ಕೊರೆದಿರುತ್ತದೆ. ಅದಕ್ಕೆ ಈ ಮುಚ್ಚಳ. ನಳಿಗೆಯ ಮೇಲೆ ಯಜಮಾನರ ಮುದ್ರೆ ಬೀಳುತ್ತದೆ. ಮುಚ್ಚಳಕ್ಕೆ ಬಳ್ಳಿ ಹಬ್ಬಿಸಿದವರ ಗುರುತು ಎಲ್ಲೂ ಇರುವುದಿಲ್ಲ.

ಆಕೆಗೀಗ ಐವತ್ತೆಂಟು. ಅರ ಹಿಡಿದು ಮೂವತ್ತೊಂದು ವರ್ಷ. ಕೈದಾಟಿದ ಕೋವಿಗಳು ನೂರಾ ನಲವತ್ತರ ಹತ್ತಿರ. ಒಂದು ಮುಚ್ಚಳಕ್ಕೆ ಇಪ್ಪತ್ತೆರಡು ದಿನ, ಒಂದು ಅರದ ಆಯಸ್ಸು ಎರಡು ತಿಂಗಳು. ಬಲಗೈ ಹೆಬ್ಬೆರಳ ಉಗುರು ಸೊಟ್ಟಗೇ ಬೆಳೆಯುತ್ತದೆ. ಬಸ್ ಡಿಪೋದಲ್ಲಿ ದುಡಿಯುವ ಗಂಡ, ಇವಳನ್ನು ಕಟ್ಟಿಕೊಂಡ ಮೇಲೆ ಚಹಾದಲ್ಲೂ ಹಿತ್ತಾಳೆ ಕುಡಿಯುತ್ತಿದ್ದೇನೆಂದು ದೂರುತ್ತಲೇ ಲೋಟ ಖಾಲಿ ಮಾಡುತ್ತಾರೆ. ಬೀದಿಯವರಿಗೆ ಈಕೆ ‘ಅರದಮ್ಮ’. ಅರ ಮಾರುವ ಅಂಗಡಿಯವನೊಬ್ಬ ಪಾರ್ಸೆಲ್ ಮೇಲೆ ‘ಅರ್ಧಮ್ಮ’ ಅಂತ ಬರೆದು ಕಳಿಸಿದ್ದನಂತೆ. ಆ ಕಾಗದವನ್ನು ಗೋಡೆಗೆ ಅಂಟಿಸಿಕೊಂಡಿದ್ದಾರೆ. “ಸರಿಯಾಗೇ ಬರ್ದಿದ್ದಾನೆ ಬಿಡಿ. ಇನ್ನರ್ಧ ಎರಡು ಬೀದಿ ಆಚೆ ಇದೆ.”

ಆ ಇನ್ನರ್ಧ ಅಂದರೆ ಅಕ್ಕ. ಮೂರು ವರ್ಷಕ್ಕೆ ದೊಡ್ಡವರು. ಅಪ್ಪ ಇದೇ ಕಾರ್ಖಾನೆಗೆ ಕೋವಿಯ ಹಿಡಿ ಕೆತ್ತುತ್ತಿದ್ದ ಬಡಗಿ. ಉಳಿ ಅಕ್ಕನ ಪಾಲಿಗೆ ಬಂತು. ಮರದ ಪುಡಿಗೆ ಸೀನಿ ಸೀನಿ ಸುಸ್ತಾಗುತ್ತಿದ್ದ ತಂಗಿ ಹಿತ್ತಾಳೆಗೆ ಒಲಿದರು. ತಂಗಿ ಒರಟಾಗಿ ಕತ್ತರಿಸಿ ಕೊಟ್ಟ ಮುಚ್ಚಳದ ಆಕಾರಕ್ಕೆ ಅಕ್ಕ ಮರದಲ್ಲಿ ಜಾಗ ಕೊರೆದು ಕೂರಿಸುವುದು, ಆಮೇಲೆ ತಂಗಿ ಅದನ್ನು ಮರದ ಮಟ್ಟಕ್ಕೆ ಉಜ್ಜಿ ಬಳ್ಳಿ ಬಿಡಿಸುವುದು. ಇಪ್ಪತ್ತು ವರ್ಷಕ್ಕೂ ಮೇಲೆ ಒಂದೇ ಮೇಜಿನ ಆಚೆ ಈಚೆ ಕೂತು ಮಾಡಿದ ಕೆಲಸ.

ಒಂಬತ್ತು ವರ್ಷದ ಹಿಂದೆ ಅಮ್ಮ ಆಸ್ಪತ್ರೆ ಸೇರಿದರು. ಒಂದು ಮಧ್ಯಾಹ್ನ, ಬೇಗ ಬಾ ಅಂತ ಅಲ್ಲಿಂದ ಅಕ್ಕ ಹೇಳಿಕಳಿಸಿದರು. ತಂಗಿಯ ಕೈಯಲ್ಲಿ ಮುಚ್ಚಳವೊಂದರ ಕೊನೆಯ ಸುರುಳಿ ಇತ್ತು. ಇದೊಂದು ಮುಗಿಸಿ ಹೊರಡೋಣ ಅಂದುಕೊಂಡರು. ತಲುಪುವಾಗ ಆರು ಗಂಟೆ. ಅಮ್ಮ ಹೋಗಿ ಅರ್ಧ ಗಂಟೆಯಾಗಿತ್ತು. ಅಕ್ಕ ಗೋಡೆ ನೋಡುತ್ತಾ ಒಂದೇ ಮಾತು ಹೇಳಿದರು: “ಹಿತ್ತಾಳೆ ಎಲ್ಲಿಗೂ ಓಡಿಹೋಗ್ತಿರಲಿಲ್ಲ.” ವಾರದೊಳಗೆ ಉಳಿಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿಕೊಂಡು ತಮ್ಮ ಮನೆಗೆ ಒಯ್ದರು. ಮಾತು ಅಲ್ಲಿಗೆ ನಿಂತಿತು.

ಕೆಲಸ ನಿಲ್ಲಲಿಲ್ಲ. ಯಜಮಾನರ ಸ್ಕೂಟರಿನ ಮೇಲೆ ಮರ ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಆ ಮನೆಗೆ ಓಡಾಡಿತು. ಗೂಡಿನ ತಳದಲ್ಲಿ ಅಕ್ಕನ ಪೆನ್ಸಿಲ್ ಗುರುತು ಇರುತ್ತಿತ್ತು: ಒಂದು ಬಾಣ, ಒಂದು ಅಳತೆ, ಅಷ್ಟೇ. ತಂಗಿ ಅದನ್ನೇ ಪತ್ರದ ಹಾಗೆ ಓದುತ್ತಿದ್ದರು. “ಅವಳಿಗೆ ನೆಗಡಿ ಆಗಿದ್ರೂ ಮರ ನೋಡಿದ್ರೆ ಗೊತ್ತಾಗ್ತಿತ್ತು. ಗೆರೆ ಸ್ವಲ್ಪ ಅವಸರದಲ್ಲಿರೋದು.”

ಎರಡು ವರ್ಷದ ಹಿಂದೆ ಬಂದ ಹಿಡಿಯೊಂದರಲ್ಲಿ ಮುಚ್ಚಳದ ಬಲಗಡೆ ಕೂದಲೆಳೆಯಷ್ಟು ಸಂದು ಕಂಡಿತು. ಅಕ್ಕನ ಕೆಲಸದಲ್ಲಿ ಸಂದು ಅಂದರೆ ನಂಬುವ ಮಾತಲ್ಲ. ಈಕೆ ಯಜಮಾನರಿಗೆ ಹೇಳದೆ, ಹಿತ್ತಾಳೆಯ ಅಂಚನ್ನು ಸಣ್ಣ ಸುತ್ತಿಗೆಯಿಂದ ಬಡಿದು ಹಿಗ್ಗಿಸಿ ಸಂದು ಮುಚ್ಚಿದರು. ಮುಂದಿನ ಕೋವಿಯಲ್ಲಿ ಸಂದು ಇನ್ನಷ್ಟು ದೊಡ್ಡದಾಗಿತ್ತು. ಹೀಗೆ ಐದು ಕೋವಿ. ಎಲ್ಲವೂ ಕೊನೆಯ ಎಣ್ಣೆ ಬಳಿಯಲು ಮತ್ತೆ ಅಕ್ಕನ ಮನೆಗೇ ಹೋದವು.

ಆರನೆಯದು ಬಂದಾಗ ಗೂಡಿನ ತಳದಲ್ಲಿ ಬಾಣದ ಕೆಳಗೆ ಎರಡು ಸಾಲು ಬರಹವಿತ್ತು. ‘ಬಲಗಣ್ಣು ಕಾಣ್ತಿಲ್ಲ. ನೀನು ಮುಚ್ಚಿದ್ದೆಲ್ಲ ನನ್ನ ಕೈಗೆ ಗೊತ್ತಾಗ್ತಿದೆ.’

ಈಕೆ ಕೆಲಸವನ್ನು ವೈಸ್‌ನಲ್ಲೇ ಬಿಟ್ಟು, ಪುಡಿ ಮೆತ್ತಿದ ಸೆರಗಿನಲ್ಲೇ ಹೊರಟರು. ಎರಡು ಬೀದಿ ದಾಟಲು ಎಂಟು ವರ್ಷ ಬೇಕಾಗಿತ್ತು. ಅವತ್ತು ಐದು ನಿಮಿಷ ಸಾಕಾಯಿತು. ಅಕ್ಕ ಬಾಗಿಲು ತೆಗೆದರು. “ಬಾ ಅನ್ಲಿಲ್ಲ. ಬಾಗಿಲು ಹಾಕ್ಲೂ ಇಲ್ಲ. ಹಾಗೇ ಬಿಟ್ಟು ಒಳಗೆ ಹೋದ್ಲು. ನಾನು ಹಿಂದೆ ಹೋದೆ.”

ಬಲಗಣ್ಣು ಇನ್ನು ಮರಳುವುದಿಲ್ಲ ಎಂದಿದ್ದಾರೆ ಡಾಕ್ಟರು. ಸದ್ಯ ಎಡಗಣ್ಣಿಗೆ ತೊಂದರೆಯಿಲ್ಲ. ಈಗ ವಾರಕ್ಕೆ ಮೂರು ಮಧ್ಯಾಹ್ನ ತಂಗಿ ಅಲ್ಲಿ ಹಾಜರು. ಬಲಗಡೆಯ ಗೆರೆಗೆ ಇವರು ಉಳಿ ಹಿಡಿಯುತ್ತಾರೆ, ಸೀನುತ್ತಲೇ. ಅಕ್ಕ ಬೆರಳಾಡಿಸಿ ಪರೀಕ್ಷಿಸಿ ಮುಖ ಸಿಂಡರಿಸುತ್ತಾರೆ. ಮರದ ಬಗ್ಗೆ, ಮಂಡಿನೋವಿನ ಬಗ್ಗೆ, ಯಜಮಾನರ ಸ್ಕೂಟರಿನ ಸದ್ದಿನ ಬಗ್ಗೆ ಮಾತಾಡುತ್ತಾರೆ. ಅಮ್ಮನ ಮಾತು ಹತ್ತಿರ ಸುಳಿದರೆ ಇಬ್ಬರಲ್ಲೊಬ್ಬರು ಎದ್ದು ಉಳಿ ಮಸೆಯುತ್ತಾರೆ.

ನಳಿಗೆಯ ಮೇಲೆ ನಿಮ್ಮಿಬ್ಬರ ಹೆಸರೂ ಇರಬೇಕಿತ್ತು ಅನಿಸುವುದಿಲ್ಲವೇ ಅಂತ ಕೇಳುತ್ತೇನೆ. ಹೆಸರು ತಗೊಂಡು ಏನ್ ಮಾಡೋಣ ಅಂತ ನಗುತ್ತಾರೆ. ಹಾಗಾದರೆ ಬೇಕಿರುವುದೇನು ಅಂದರೆ ಅರದ ಪುಡಿ ಕೊಡವಿ ಕೆಳಗಿಡುತ್ತಾರೆ.

“ಅಕ್ಕ ನನ್ನ ಬೈದಿದ್ದು ಒಂದೇ ಒಂದು ಮಾತು. ಅವಳ ಹೊಟ್ಟೇಲಿ ಇನ್ನೂ ಎಷ್ಟೋ ಇದೆ. ಒಂದಿನ ಎದುರಿಗೆ ಕೂರಿಸ್ಕೊಂಡು ಪೂರ್ತಿ ಬೈದ್‌ಬಿಡ್ಲಿ. ನಾನು ತಿರುಗಿ ಒಂದು ಮಾತಾಡಲ್ಲ. ಆಮೇಲೆ ಇಬ್ರೂ ಅಮ್ಮನಿಗೆ ಅಂತ ಒಟ್ಟಿಗೆ ಒಂದ್ಸಲ ಅಳ್ತೀವಿ. ಅವತ್ತು ಬೇರೆ ಬೇರೆ ಕೂತು ಅತ್ತಿದ್ದು, ನೋಡಿ.”